ಎಡಗಡೆಯ ಕಹಳೆ

ಸಂಘದ ಕೂಟಕ್ಕೆ ಹೋದಾಗಲೆಲ್ಲ ಸಂಪಾದಕರು "ನೀವೂ ಒಂದು ಲೇಖನ ಕೊಡಿ" ಎಂದು ಬೆನ್ನು ಹತ್ತುತ್ತಾರೆ. ನಾವು ಲೇಖಕರಲ್ಲ, ಡಾಕ್ಟರರಂತೂ ಅಲ್ಲವೇ ಅಲ್ಲ. ಆದರೂ ಒಂದು ಶಬ್ದದ ಕತೆ ನಮ್ಮ ಬಳಿ ಇದೆ. ಅದನ್ನು ಕಲಿಯಲು ತೆತ್ತ ಬೆಲೆ ದೊಡ್ಡದು. ಹಾಗಾಗಿ ಸಂಕೋಚ ಬಿಟ್ಟು ಬರೆಯುತ್ತಿದ್ದೇವೆ.

1996ರ ಮಾತು. ನಾವು ಅಲ್ ಖೋಬರಿಗೆ ಬಂದು ಮೂರು ವರ್ಷ, ಮದುವೆಯಾಗಿ ಐದು ವರ್ಷ. ಊರಿನಿಂದ ಬರುವ ಪ್ರತಿ ಪತ್ರದಲ್ಲೂ "ಮತ್ತೆ ವಿಶೇಷ ಏನಾದರೂ ಉಂಟಾ?" ಎಂಬ ಸಾಲು ಇರುತ್ತಿತ್ತು. ಕೊನೆಗೂ ತಿಂಗಳ ಲೆಕ್ಕ ತಪ್ಪಿತು. ಇನ್ನೂ ಹದಿನೈದು ದಿನ ನೋಡಿ ಆಮೇಲೆ ಡಾಕ್ಟರಲ್ಲಿಗೆ ಹೋಗೋಣ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ ಎಂದುಕೊಂಡೆವು. ಮಾಡಿದ ಮೊದಲ ತಪ್ಪು ಅದು.

ಆಗ ವಾರದ ರಜೆ ಗುರುವಾರ-ಶುಕ್ರವಾರ. ಒಂದು ಗುರುವಾರ ಸಂಜೆ ಕಾರ್ನಿಶ್‌ನಲ್ಲಿ ಕೂತಿದ್ದಾಗ ನಮ್ಮಲ್ಲಿ ಒಬ್ಬರಿಗೆ (ಯಾರಿಗೆ ಎಂದು ಹೇಳಬೇಕಿಲ್ಲ) ಕಿಬ್ಬೊಟ್ಟೆಯ ಎಡಗಡೆ ನೋವು ಬಂತು. ರಾತ್ರಿ ಅದು ಭುಜದ ತುದಿಗೂ ಹತ್ತಿತು. ಪಕ್ಕದ ಫ್ಲ್ಯಾಟಿನ ಅಕ್ಕ "ಗ್ಯಾಸ್ ಮಾರಾಯ್ತಿ, ಓಮದ ಕಷಾಯ ಕುಡಿ" ಎಂದರು. ಕುಡಿದದ್ದೂ ಆಯಿತು. ಪಾಪ, ಅವರಿಗೆ ನಾವು ಗುಟ್ಟು ಹೇಳಿರಲಿಲ್ಲವಲ್ಲ! ಬೆಳಗಿನ ಜಾವ ಬಾತ್‌ರೂಮಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆಯೇ ಆಸ್ಪತ್ರೆಗೆ ಓಡಿದ್ದು.

ಗರ್ಭ ತನ್ನ ಜಾಗ ಸೇರದೆ ನಾಳದಲ್ಲೇ ನಿಂತು ಬೆಳೆದಿತ್ತು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಹೀಗೆ ಸೋರಿದ ರಕ್ತ ವಪೆಯನ್ನು ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. ಕಷಾಯಕ್ಕೆ ಹೋಗುವ ನೋವಲ್ಲ ಅದು. ಇನ್ನೆರಡು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರ್ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ 'ಲೆಫ್ಟ್ ಸಾಲ್ಪಿಂಜೆಕ್ಟಮಿ' ಎಂದಿತ್ತು. ಅದು ಎಡಗಡೆಯ ಅಂಡನಾಳವನ್ನು ತೆಗೆಯುವ ಆಪರೇಶನ್ನು. ಸುಡಾನಿನ ನರ್ಸಮ್ಮ ಒಬ್ಬರು ಪಕ್ಕದಲ್ಲಿ ಕೂತು ಅರಬ್ಬಿಯಲ್ಲಿ ಅದಕ್ಕೆ 'ಬೂಕ್' ಎನ್ನುತ್ತಾರೆ ಎಂದರು. ನಮಗೆ ಆಶ್ಚರ್ಯ. ಬೂಕ್ ಎಂದರೆ ಊದುವ ಕಹಳೆ; ಇಲ್ಲಿ ಕಾರಿನ ಹಾರ್ನಿಗೂ ಅದೇ ಮಾತು. ದೇಹದೊಳಗೆ ಕಹಳೆ ಎಲ್ಲಿಂದ ಬಂತು?

ಮಲಗಿ ಸುಧಾರಿಸಿಕೊಳ್ಳುವ ದಿನಗಳಲ್ಲಿ ಹುಡುಕಲು ಶುರುಮಾಡಿ, ಆಮೇಲೂ ಬಿಡದೆ ಓದಿ ತಿಳಿದದ್ದು ಇಷ್ಟು. 'ಸಾಲ್ಪಿಂಕ್ಸ್' ಎಂಬುದು ಹಳೆಯ ಗ್ರೀಕರ ರಣಕಹಳೆ. ಉದ್ದವಾಗಿ, ನೆಟ್ಟಗೆ, ತುದಿಯಲ್ಲಿ ಬಾಯಿ ಅಗಲಿಸಿಕೊಂಡಿರುವ ವಾದ್ಯ. ಕ್ರಿ.ಪೂ. 396ರಿಂದ ಒಲಿಂಪಿಕ್ಸಿನಲ್ಲಿ ಅದನ್ನು ಊದುವ ಸ್ಪರ್ಧೆಯೂ ಇತ್ತಂತೆ. ಇಟಲಿಯ ಪಡುವಾದಲ್ಲಿ ಅಂಗರಚನೆ ಕಲಿಸುತ್ತಿದ್ದ ಗೇಬ್ರಿಯೆಲೆ ಫಲೋಪಿಯೊ 1561ರ ತನ್ನ ಪುಸ್ತಕದಲ್ಲಿ ಅಂಡನಾಳದ ತುದಿ ಕಂಚಿನ ಕಹಳೆಯ ಬಾಯಿಯಂತಿದೆ ಎಂದು ಬರೆದು, ಲ್ಯಾಟಿನ್ನಿನಲ್ಲಿ 'ಟ್ಯೂಬಾ' ಎಂದು ಕರೆದ. ಲ್ಯಾಟಿನ್ನಿನಲ್ಲಿ ಟ್ಯೂಬಾ ಎಂದರೆ ಕಹಳೆಯೇ. ಇಂಗ್ಲಿಷಿನವರು ಅದನ್ನು 'ಟ್ಯೂಬ್' ಮಾಡಿದರು. ನಮಗೆ ಬರುವಷ್ಟರಲ್ಲಿ ಬರೀ ನಾಳವಾಗಿ ಉಳಿಯಿತು. ಅರಬ್ಬಿಯವರು ಕಹಳೆಯನ್ನು ಉಳಿಸಿಕೊಂಡರು. ವಿಮಾನ ಇಳಿಯುವಾಗ ಕಿವಿ ಕಟ್ಟಿದರೆ ಎಂಜಲು ನುಂಗುತ್ತೇವಲ್ಲ, ಆಗ ತೆರೆದುಕೊಳ್ಳುವ ಕಿವಿಯ ನಾಳಕ್ಕೂ ಈ ಕಹಳೆಯ ಹೆಸರೇ ಅಂಟಿಕೊಂಡಿದೆ.

ಶಬ್ದದ ಜಗಳ ನಮಗೇಕೆ ಎನ್ನಬೇಡಿ. ನಾಳ ಎಂದಾಗ ನಾವು ನೀರಿನ ಪೈಪನ್ನು ನೆನೆದೆವು. ಎರಡೂ ತುದಿ ಬಿಗಿದ ಪೈಪು, ಅದರಲ್ಲಿ ಒಂದು ಹೋಯಿತು, ಅಲ್ಲಿಗೆ ಆಸೆ ಅರ್ಧವಾಯಿತು ಎಂದು ಅತ್ತೆವು. ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹತ್ತು-ಹನ್ನೆರಡು ಸೆಂಟಿಮೀಟರಿನ ಅದರ ಹೊರತುದಿ ಅಂಡಾಶಯಕ್ಕೆ ಪೈಪಿನಂತೆ ಜೋಡಿಸಿದ್ದಲ್ಲ. ಕಹಳೆಯಂತೆ ಬಾಯಿ ತೆರೆದು, ಅಂಚಿನಲ್ಲಿ ಬೆರಳಿನಂಥ ಎಳೆಗಳನ್ನು ಆಡಿಸುತ್ತಾ ಅಂಡವನ್ನು ಸೆಳೆದುಕೊಳ್ಳುತ್ತದೆ. ಬಲಗಡೆಯದು ಕೆಲವೊಮ್ಮೆ ಎಡ ಅಂಡಾಶಯದ ಅಂಡವನ್ನೂ ಹಿಡಿಯಬಲ್ಲದು! ಆ ದಿನ ಮನೆಗೆ ಬಂದು, ಬಹಳ ದಿನಗಳ ಮೇಲೆ ಇಬ್ಬರೂ ಹೊಟ್ಟೆ ತುಂಬ ಊಟ ಮಾಡಿದೆವು.

"ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಬೇರೆಯವರಿಗಿಂತ ಹೆಚ್ಚು. ಲೆಕ್ಕ ತಪ್ಪಿದ ಕೂಡಲೇ ಬನ್ನಿ" ಎಂದೂ ಅವರು ಎಚ್ಚರಿಸಿದ್ದರು. 1998ರಲ್ಲಿ ಹಾಗೆಯೇ ಹೋದೆವು. ಆರನೇ ವಾರಕ್ಕೇ ಸ್ಕ್ಯಾನ್. ತೆರೆಯ ಮೇಲೆ ಗರ್ಭಕೋಶದ ಒಳಗೇ, ಇರಬೇಕಾದ ಜಾಗದಲ್ಲೇ, ಅವರೆಕಾಳಿನಷ್ಟು ಕಪ್ಪು ಚುಕ್ಕೆ. ನಮ್ಮ ಮಗಳು. ನಮ್ಮ ರಾಜ್ಯೋತ್ಸವದಲ್ಲಿ ಅವಳ ಹಾಡು ಕೇಳಿದವರು ಈ ಸಂಚಿಕೆಯ ಓದುಗರಲ್ಲೂ ಇದ್ದಾರೆ.

ಲೆಕ್ಕ ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಕಡೆ ನೋವು, ಸ್ವಲ್ಪ ರಕ್ತ ಕಾಣುವುದು, ತಲೆಸುತ್ತು, ಭುಜದ ತುದಿಯಲ್ಲಿ ನೋವು: ಇವುಗಳಲ್ಲಿ ಯಾವುದಾದರೂ ಇದ್ದರೆ ಓಮದ ಡಬ್ಬಿ ತೆರೆಯಬೇಡಿ, ಕಾರು ತೆಗೆಯಿರಿ. ಹೆಚ್ಚಿಗೆ ಕೇಳಬೇಕೆನಿಸಿದವರು ಮುಂದಿನ ಕೂಟದಲ್ಲಿ ನಮ್ಮಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆಯಿರಿ. ಯಾರನ್ನು ಎಂದು ಹೇಳಬೇಕಿಲ್ಲ.