ಹಾಡಿಗೊಂದು ರಹದಾರಿ

ನಂಗಲಿಯು ಗಡಿಯ ಊರು. ಈ ಗಡಿತನವು ಇಂದು ನಿನ್ನೆ ಬಂದುದಲ್ಲ. 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಆತನ ರಾಜ್ಯದ ಎಲ್ಲೆಗಳನ್ನು ಎಣಿಸುವಾಗ ಮೂಡಣ ದಿಕ್ಕಿಗೆ ನಂಗಲಿಯ ಹೆಸರನ್ನೇ ಹೇಳುತ್ತವೆ. ಎಲ್ಲೆಯಿದ್ದಲ್ಲಿ ಸುಂಕ, ಸುಂಕವಿದ್ದಲ್ಲಿ ಸಾಲುನಿಂತ ಗಾಡಿಗಳು, ಗಾಡಿಗಳು ನಿಂತಲ್ಲಿ ಕಾಫಿಯ ಹೋಟಲು. ಇದು ಲೋಕಸಿದ್ಧವಾದ ಕ್ರಮ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ವಾಣಿಜ್ಯ ತೆರಿಗೆಯ ತನಿಖಾಠಾಣೆಗಳು ಮುಚ್ಚಿದಮೇಲೆ ಲಾರಿಗಳ ಸಾಲೇನೋ ಕರಗಿತು. ಆದರೆ ಬೆಂಗಳೂರಿನಿಂದ ಪಲಮನೇರು, ಚಿತ್ತೂರುಗಳ ಮೇಲೆ ತಿರುಪತಿಗೆ ಹೋಗುವ ಯಾತ್ರಿಕರು ಕರಗಲಿಲ್ಲವಾದಕಾರಣ ಹೋಟಲುಗಳು ಉಳಿದುಕೊಂಡವು.

ಅಂತಹದೊಂದು ಹೋಟಲು. ನಲವತ್ತು ಜನ ಕೂರಬಹುದಾದ ಜಾಗ. ಗಲ್ಲಾಪೆಟ್ಟಿಗೆಯ ಮೇಲೆ ವೆಂಕಟರಮಣನ ಪಟ, ಪಟದ ಮಗ್ಗುಲಲ್ಲಿ ಒಂದು ಧ್ವನಿವರ್ಧಕ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತುವಾಗಲೇ ಅದರಿಂದ ಸುಪ್ರಭಾತವು ಹೊರಡುತ್ತದೆ. ಬೆಳಕು ಹರಿದಮೇಲೆ ದಾಸರ ಪದಗಳು, ಊಟದ ಹೊತ್ತಿಗೆ ಹಳೆಯ ಚಲಚ್ಚಿತ್ರಗೀತೆಗಳು, ಸಂಜೆಗೆ ಯಜಮಾನರ ಮಗನಿಗೆ ಪ್ರಿಯವಾದ ಹೊಸ ಹಾಡುಗಳು. ಸೀಮೆಯ ಪದ್ಧತಿಯಂತೆ ಕನ್ನಡದ ಹಿಂದೆ ತೆಲುಗು, ತೆಲುಗಿನ ಹಿಂದೆ ಕನ್ನಡ ಬರುತ್ತಲೇ ಇರುತ್ತವೆ. ತಿನ್ನುವವರು ಅದನ್ನು ಕೇಳುತ್ತಾರೆಂದು ಹೇಳಲಾಗದು. ಆದರೆ ಅದು ನಿಂತರೆ ಮಾತ್ರ ತಲೆಯೆತ್ತಿ ನೋಡುತ್ತಾರೆ.

ಈ ಹೋಟಲಿಗೆ ಒಂದು ದಿನ ರಿಜಿಸ್ಟರ್ಡ್ ಟಪಾಲಿನಲ್ಲಿ ಒಂದು ಕಾಗದ ಬಂದಿತು. ತಮ್ಮ ಅಧೀನದಲ್ಲಿರುವ ಸಂಗೀತವನ್ನು ರಹದಾರಿಯಿಲ್ಲದೆ ಸಾರ್ವಜನಿಕರಿಗೆ ಕೇಳಿಸುತ್ತಿರುವುದು ಕಂಡುಬಂದಿದೆಯೆಂದೂ, ವರ್ಷಕ್ಕೆ ಇಷ್ಟು ಹಣ ತೆತ್ತು ರಹದಾರಿ ಪಡೆಯತಕ್ಕದ್ದೆಂದೂ, ತಪ್ಪಿದಲ್ಲಿ ಕಾನೂನಿನ ಕ್ರಮ ಜರುಗಿಸಲಾಗುವುದೆಂದೂ ಅದರಲ್ಲಿ ಬರೆದಿದ್ದಿತು. ಕಾಗದವು ಇಂಗ್ಲಿಷಿನಲ್ಲಿದ್ದಿತು. ಯಜಮಾನರು ಅದನ್ನು ಸರಕಾರದ ಹೊಸ ತೆರಿಗೆಯೆಂದೇ ತಿಳಿದು, ಮುಳಬಾಗಿಲಿನ ವಕೀಲರ ಮನೆಗೆ ಹೋಗಿ, "ಏನು ಸ್ವಾಮಿ, ನೀರಿಗಾಯಿತು, ಕಸಕ್ಕಾಯಿತು, ಇನ್ನು ಗಾಳಿಗೂ ಕಂದಾಯವೆ?" ಎಂದು ಕೇಳಿದರು.

ಪ್ರಶ್ನೆಯು ನಗುವಂತಹದಲ್ಲ. ಹಾಡು ಬಾಯಿಂದ ಹೊರಟಮೇಲೆ ಗಾಳಿಯ ಸ್ವತ್ತೇ ಎಂಬುದು ನಮ್ಮ ಜನದ ಬಹುಕಾಲದ ನಂಬುಗೆ. ಇದೇ ಸೀಮೆಯಲ್ಲಿ, ಮುಳಬಾಗಿಲಿನ ನರಸಿಂಹತೀರ್ಥದಲ್ಲಿ, 15ನೆಯ ಶತಮಾನದ ಶ್ರೀಪಾದರಾಜರ ವೃಂದಾವನವಿದೆ. ಹರಿದಾಸ ಸಾಹಿತ್ಯಕ್ಕೆ ಹಾದಿ ಹಾಕಿಕೊಟ್ಟ ಆ ಯತಿಗಳು ಹಾಡಿಗೆ ಬೆಲೆ ಕಟ್ಟಲಿಲ್ಲ. ತಮ್ಮದೆಂಬುದಕ್ಕೆ ಗುರುತಾಗಿ ಕೊನೆಯಲ್ಲಿ ರಂಗವಿಠಲನ ಅಂಕಿತವನ್ನು ಇರಿಸಿದರು, ಅಷ್ಟೆ. ಆದರೆ ಆ ಕಾಲದಲ್ಲಿ ಹಾಡುವವನಿಗೂ ನುಡಿಸುವವನಿಗೂ ಬೇರೊಂದು ಕಡೆಯಿಂದ ಅನ್ನ ಬರುತ್ತಿದ್ದಿತೆಂಬುದನ್ನು ಮರೆಯಲಾಗದು. ದೇವಸ್ಥಾನದ ಓಲಗದವರಿಗೆ ಊಳಿಗದ ಮಾನ್ಯವಿದ್ದಿತು. ಸುಗ್ಗಿಯಲ್ಲಿ ಕಣದಿಂದ ಮೊರದ ಲೆಕ್ಕದಲ್ಲಿ ಧಾನ್ಯ ಬರುತ್ತಿದ್ದಿತು. ಮದುವೆಯಲ್ಲಿ ವೀಳ್ಯ, ಪಂಚೆ, ದಕ್ಷಿಣೆ. ಕೇಳುವವನು ಕೇಳಿದ್ದಕ್ಕೆ ಕೊಡುತ್ತಲೇ ಇದ್ದನು. ಅದಕ್ಕೆ ರಹದಾರಿಯೆಂಬ ಹೆಸರು ಮಾತ್ರ ಇರಲಿಲ್ಲ. 1955ರ ಇನಾಂ ರದ್ದಿಯಾತಿಯ ಕಾನೂನಿನೊಂದಿಗೆ ಮಾನ್ಯದ ವ್ಯವಸ್ಥೆ ಮುಗಿಯಿತು. ಅದಕ್ಕೆ ಮೊದಲೇ ಗ್ರಾಮೊಫೋನು ಬಂದು, ಹಾಡುವವನು ಒಂದೆಡೆ, ಹಾಡು ಇನ್ನೊಂದೆಡೆ ಎಂಬ ವಿಚಿತ್ರವನ್ನು ಲೋಕಕ್ಕೆ ತೋರಿಸಿದ್ದಿತು.

ಬೇರ್ಪಟ್ಟ ಈ ಎರಡನ್ನು ಮತ್ತೆ ಗಂಟುಹಾಕುವ ಯತ್ನವೇ ರಹದಾರಿ. ಸ್ವಾರಸ್ಯವೇನೆಂದರೆ, ಆ ಯತ್ನವು ಹುಟ್ಟಿದ್ದೂ ಒಂದು ಕಾಫಿಯಂಗಡಿಯಲ್ಲಿಯೇ. 1847ರಲ್ಲಿ ಪ್ಯಾರಿಸ್ ನಗರದ ಅಂಬಾಸದೊರ್ ಎಂಬ ಕೆಫೆಯಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತಕಾರನು ತನ್ನ ಗೆಳೆಯರೊಂದಿಗೆ ಕುಳಿತಿದ್ದನು. ಅಲ್ಲಿ ಅವರದೇ ಕೃತಿಗಳನ್ನು ಹಾಡಿಸುತ್ತಿದ್ದರು. ಕುಡಿದ ಸಕ್ಕರೆನೀರಿಗೆ ದುಡ್ಡು ಕೇಳಿದಾಗ ಆತನು, ನಮ್ಮ ಹಾಡಿಗೆ ನೀವು ಕೊಡದಿದ್ದರೆ ನಿಮ್ಮ ನೀರಿಗೆ ನಾವೂ ಕೊಡುವುದಿಲ್ಲವೆಂದನು. ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಗಿ, ಗೀತಕಾರನೇ ಗೆದ್ದನು. 1851ರಲ್ಲಿ ಗೀತಕಾರರೂ ಸ್ವರಸಂಯೋಜಕರೂ ಸೇರಿ ತಮ್ಮ ಪಾಲನ್ನು ವಸೂಲು ಮಾಡುವ ಸಂಘವೊಂದನ್ನು ಅಲ್ಲಿ ಕಟ್ಟಿದರು. ಅಮೆರಿಕದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ನಾವು ಊಟಕ್ಕೆ ಹಣ ತೆಗೆದುಕೊಳ್ಳುತ್ತೇವೆಯೇ ಹೊರತು ಸಂಗೀತಕ್ಕಲ್ಲವೆಂದು ಒಂದು ಭೋಜನಗೃಹದವರು ವಾದಿಸಿದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹೋಮ್ಸರು 1917ರಲ್ಲಿ ಆ ವಾದವನ್ನು ತಳ್ಳಿಹಾಕಿದರು. ಲಾಭವಿಲ್ಲದಿದ್ದರೆ ಯಾರೂ ಸಂಗೀತವನ್ನು ಇಡುವುದಿಲ್ಲ, ಊಟದ ಬೆಲೆಯಲ್ಲಿಯೇ ಅದೂ ಸೇರಿದೆಯೆಂಬುದು ಅವರ ಅಭಿಪ್ರಾಯದ ಸಾರ. ಗಲ್ಲಾಪೆಟ್ಟಿಗೆಯ ಮೇಲೆ ಧ್ವನಿವರ್ಧಕವಿಟ್ಟ ಯಾರಿಗಾದರೂ ಇದು ಒಪ್ಪತಕ್ಕ ಮಾತೇ.

ವಕೀಲರು ಯಜಮಾನರಿಗೆ ಮೊದಲು ಹೇಳಿದ್ದು, "ಇದು ಕಂದಾಯವಲ್ಲ, ಯಜಮಾನರೆ, ಬಾಡಿಗೆ" ಎಂದು. ಭಾರತದ ಕೃತಿಸ್ವಾಮ್ಯದ ಕಾನೂನು 1957ರದು. 1958ರ ಜನವರಿ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕ್ಯಾಸೆಟ್ಟನ್ನು ಕೊಂಡವನು ಮನೆಯಲ್ಲಿ ಕೇಳಲು ಕೊಂಡಿರುತ್ತಾನೆ. ಮೊಬೈಲಿನ ಸಂಗೀತಸೇವೆಗೆ ತಿಂಗಳ ಚಂದಾ ಕಟ್ಟಿದವನೂ ಹಾಗೆಯೇ. ಅದನ್ನೇ ಗಿರಾಕಿಗಳಿಗೆ ಕೇಳಿಸಿದರೆ ಅದು ಸಾರ್ವಜನಿಕರಿಗೆ ಮುಟ್ಟಿಸಿದಂತಾಗುತ್ತದೆ. ಅದಕ್ಕೆ ಬೇರೆ ಅನುಮತಿ ಬೇಕು. ಮೀರಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ಜುಲ್ಮಾನೆ. ಇಷ್ಟು ಕೇಳುವಷ್ಟರಲ್ಲಿ ಯಜಮಾನರ ಮುಖ ಬಾಡಿತು.

"ಪುರಂದರದಾಸರ ಪದಕ್ಕೂ ಬಾಡಿಗೆಯೆ ಸ್ವಾಮಿ? ದಾಸರು ಹೋಗಿ ಎಷ್ಟು ಕಾಲವಾಯಿತು!"

ಇಲ್ಲಿಯೇ ವಿಷಯದ ತೊಡಕೆಲ್ಲ ಇರುವುದು. ಕಿವಿಗೆ ಒಂದಾಗಿ ಕೇಳುವ ಹಾಡು ಕಾನೂನಿನ ಕಣ್ಣಿಗೆ ಮೂರು: ಮಾತು, ಸ್ವರಯೋಜನೆ, ಧ್ವನಿಮುದ್ರಣ. ಮಾತಿಗೂ ಸ್ವರಕ್ಕೂ ಅವುಗಳ ಕರ್ತೃವು ತೀರಿಕೊಂಡ ಮರುವರ್ಷದಿಂದ 60 ವರ್ಷ. ಮುದ್ರಣಕ್ಕೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1564ರಲ್ಲಿ ದೇಹಬಿಟ್ಟ ದಾಸರ ಮಾತು ಎಲ್ಲರದು. ಆದರೆ ಅದನ್ನು ಹತ್ತು ವರ್ಷದ ಹಿಂದೆ ಒಬ್ಬ ವಿದ್ವಾಂಸರು ಹಾಡಿ, ಒಂದು ಕಂಪನಿಯು ಮುದ್ರಿಸಿದ್ದರೆ ಆ ಮುದ್ರಣವು ಕಂಪನಿಯದು. ಸಂತ ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು. ಅವರ ತತ್ತ್ವಪದಗಳು ಯಾರೂ ಹಾಡಬಹುದಾದವು. ಅವಕ್ಕೆ ಹೊಸ ರಾಗದ ಉಡುಗೆ ತೊಡಿಸಿದ ಸಿ. ಅಶ್ವಥ್ ಅವರು 2009ರ ಡಿಸೆಂಬರಿನಲ್ಲಿ ತೀರಿಕೊಂಡರಾದ್ದರಿಂದ ಆ ಉಡುಗೆಗೆ 2069ರ ಕೊನೆಯವರೆಗೆ ಒಡೆತನವುಂಟು. ಚಿ. ಉದಯಶಂಕರರು 1993ರಲ್ಲಿ ತೀರಿಕೊಂಡವರು. ಮಧ್ಯಾಹ್ನದ ಊಟದ ಹೊತ್ತಿಗೆ ಕೇಳುವ ಅವರ ಮಾತುಗಳಿಗೆ 2053 ಮುಗಿಯಬೇಕು.

ಇನ್ನು ಬೆಳಗಿನ ಸುಪ್ರಭಾತ. ಸ್ತೋತ್ರವು 15ನೆಯ ಶತಮಾನದ್ದು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಪ್ರಸಿದ್ಧವಾದ ಮುದ್ರಣವು ಬಂದುದು 1963ರಲ್ಲಿ. ಲೆಕ್ಕಹಾಕಿದರೆ ಆ ಮುದ್ರಣದ ಅವಧಿ 2023ರ ಡಿಸೆಂಬರಿಗೆ ಮುಗಿಯಿತು. ಅದೇ ಸ್ತೋತ್ರವನ್ನು ಅನಂತರ ಬೇರೆಯವರು ಹಾಡಿದ ಮುದ್ರಣಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಪ್ರತಿದಿನ ತಿರುಪತಿಯ ಹಾದಿಯಲ್ಲಿ ನೂರು ಹೋಟಲುಗಳಲ್ಲಿ ಮೊಳಗುವ ಈ ಧ್ವನಿಗೆ ಗಡಿಯೂ ಇಲ್ಲ, ಈಗ ಬಾಡಿಗೆಯೂ ಇಲ್ಲ ಎಂದು ವಕೀಲರು ವಿವರಿಸಿದಾಗ ಯಜಮಾನರು ಕೈಜೋಡಿಸಿದರು. ವಕೀಲರಿಗೋ ವೆಂಕಟರಮಣನಿಗೋ ತಿಳಿಯದು.

ಬಾಡಿಗೆಯು ನ್ಯಾಯವೆಂದು ಒಪ್ಪಿದಮೇಲೆ ಉಳಿಯುವುದು, ಯಾರಿಗೆ ಕೊಡುವುದು ಎಂಬ ಪ್ರಶ್ನೆ. ಮಾತು ಮತ್ತು ಸ್ವರಗಳ ಪರವಾಗಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಎಂಬುದು 1969ರಿಂದ ಇದೆ. ಧ್ವನಿಮುದ್ರಣಗಳ ಪರವಾಗಿ ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ಎಂಬುದು 1941ರಿಂದ ಇದೆ. ಇವೆರಡೂ ಅಲ್ಲದೆ ತಮ್ಮ ಹಾಡುಗಳಿಗೆ ಬೇರೆಯಾಗಿಯೇ ರಹದಾರಿ ಕೊಡುವವರೂ ಇದ್ದಾರೆ. ಕಾನೂನಿನಂತೆ ನೋಂದಣಿಯಾದ ಸಂಘವಲ್ಲದೆ ಬೇರೆ ಕಂಪನಿಯು ಹೀಗೆ ರಹದಾರಿ ಕೊಡಬಹುದೇ ಎಂಬ ವ್ಯಾಜ್ಯವು 2025ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ದೊಡ್ಡ ದೊಡ್ಡ ನ್ಯಾಯವಾದಿಗಳೇ ಒಮ್ಮತಕ್ಕೆ ಬಾರದ ವಿಷಯವನ್ನು ಇಡ್ಲಿ ಮಾರುವವನು ರಿಜಿಸ್ಟರ್ಡ್ ಕಾಗದ ಕೈಗೆ ಬಂದೊಡನೆ ತಿಳಿದುಕೊಳ್ಳತಕ್ಕದ್ದೆಂದರೆ ಅದು ಅತಿಯಾಯಿತು. ಸುಂಕದ ಕಟ್ಟೆಯಲ್ಲಿ ಒಬ್ಬನೇ ಸುಂಕದವನು ಇರಬೇಕು. ಮೂವರು ಬಂದು ಕೈ ಚಾಚಿದರೆ ಗಾಡಿಯವನು ಹಾದಿ ಬದಲಿಸಿಯಾನು. ಯಜಮಾನರು ಮಾಡಿದ್ದೂ ಅದನ್ನೇ. ಸುಪ್ರಭಾತವೊಂದನ್ನುಳಿದು ಮಿಕ್ಕದ್ದನ್ನೆಲ್ಲ ನಿಲ್ಲಿಸಿಬಿಟ್ಟರು.

ಈ ಮೌನದಲ್ಲಿಯೇ ಇನ್ನೊಬ್ಬರ ಮಾತು ಕೇಳಿಬಂದಿತು. ಆ ಹೋಟಲಿಗೆ ಬೆಳಗ್ಗೆ ಒಂದು ಲೋಟ ಕಾಫಿಗೆ ಬರುವ ವೃದ್ಧರೊಬ್ಬರಿದ್ದಾರೆ. ನಾಗಸ್ವರದ ಮನೆತನದವರು, ಎಪ್ಪತ್ತು ದಾಟಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಅವರನ್ನು ಒಂದು ಕಂಪನಿಯವರು ಕರೆದುಕೊಂಡುಹೋಗಿ, ಒಂದು ಹಗಲೆಲ್ಲ ಮಂಗಳವಾದ್ಯ ನುಡಿಸಿಕೊಂಡು, ಒಂದಿಷ್ಟು ಹಣ ಕೊಟ್ಟು, ಇಂಗ್ಲಿಷಿನ ಕಾಗದವೊಂದಕ್ಕೆ ರುಜು ತೆಗೆದುಕೊಂಡಿದ್ದರಂತೆ. ಆ ಗಟ್ಟಿಮೇಳವು ಇಂದಿಗೂ ಸುತ್ತಿನ ಕಲ್ಯಾಣಮಂಟಪಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮೊಳಗುತ್ತದೆ. ಅದು ಮೊಳಗುವುದರಿಂದಲೇ ಅವರನ್ನು ಕರೆಯುವುದು ನಿಂತಿದೆ. ತಮ್ಮ ಮೊಮ್ಮಗಳ ಮದುವೆಯಲ್ಲಿಯೂ ಮಂಟಪದವನು ಅದನ್ನೇ ಹಾಕಿದನೆಂದು ಹೇಳುವಾಗ ಅವರ ಮುಖದಲ್ಲಿದ್ದುದು ಹೆಮ್ಮೆಯೋ ಸಂಕಟವೋ ನೋಡಿದವರಿಗೆ ಹೊಳೆಯದು.

ಇವರಿಗೆ ಕಾನೂನು ಏನು ಹೇಳುತ್ತದೆ? 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲಚ್ಚಿತ್ರದ ಸ್ವರಸಂಯೋಜಕರ ಮೊಕದ್ದಮೆಯಲ್ಲಿ, ಹಣ ಕೊಟ್ಟು ಕೆಲಸ ಮಾಡಿಸಿಕೊಂಡ ನಿರ್ಮಾಪಕನೇ ಒಡೆಯನೆಂದು ತೀರ್ಮಾನಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ತೀರ್ಪಿಗೆ ಅನುಬಂಧವಾಗಿ, ಹಾಡುಗಾರನಿಗೆ ನಮ್ಮ ಕಾನೂನಿನಲ್ಲಿ ಯಾವ ಸ್ವಾಮ್ಯವೂ ಇಲ್ಲದಿರುವುದು ಈ ದೇಶದ ಸಂಗೀತಪದ್ಧತಿಗೆ ಒಪ್ಪುವಂತಹದಲ್ಲವೆಂಬ ಅರ್ಥದ ಮಾತನ್ನು ಸೇರಿಸಿದರು. ಅದು ಫಲಿಸಲು ಹದಿನೇಳು ವರ್ಷ ಬೇಕಾಯಿತು. 1994ರ ತಿದ್ದುಪಡಿಯು ಹಾಡುವವರಿಗೂ ನುಡಿಸುವವರಿಗೂ ಮೊದಲ ಸಲ ಹಕ್ಕು ಕೊಟ್ಟಿತು. 2012ರ ತಿದ್ದುಪಡಿಗಾಗಿ ಕವಿ ಜಾವೇದ್ ಅಖ್ತರರು ಹೋರಾಡಿದರು. ಕವಿಯೂ ಸ್ವರಸಂಯೋಜಕನೂ ತಮ್ಮ ಪಾಲಿನ ಸಂಭಾವನೆಯನ್ನು ಬಿಟ್ಟುಕೊಟ್ಟೆವೆಂದು ರುಜು ಹಾಕಿದರೂ ಆ ರುಜು ನಡೆಯದೆಂದು ಅದು ವಿಧಿಸಿತು. ಅದಕ್ಕೂ ಹಿಂದೆ, ಕ್ಯಾಸೆಟ್ಟಿನ ಕಾಲದಲ್ಲಿ ಕೈಕೊಯ್ದುಕೊಂಡವರ ಸಂಕಟವನ್ನು ಅದು ಎಷ್ಟುಮಟ್ಟಿಗೆ ನೀಗೀತು?

ಇದರ ಮೇಲೆ ಇನ್ನೊಂದು ವೈಪರೀತ್ಯ. ಧಾರ್ಮಿಕ ವಿಧಿಗಳಲ್ಲಿ ಸಂಗೀತವನ್ನು ಕೇಳಿಸುವುದಕ್ಕೆ ರಹದಾರಿ ಬೇಡ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂತೋಷಕೂಟಗಳೂ ಆ ವಿನಾಯಿತಿಯೊಳಗೆ ಬರುತ್ತವೆಂದು ಕಾನೂನೇ ಹೇಳುತ್ತದೆ. ಕೇಂದ್ರಸರಕಾರವು 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿ ಇದನ್ನು ಮತ್ತೆ ನೆನಪಿಸಿತು. ಹೆಣ್ಣು ಹೆತ್ತವರ ಮಟ್ಟಿಗೆ ಇದು ದಯೆ. ಆದರೆ ಹೋಟಲಿನಲ್ಲಿ ಯಾರೂ ಗಟ್ಟಿಮೇಳ ಹಾಕುವುದಿಲ್ಲ. ಅದು ಮೊಳಗುವುದು ಮದುವೆಯಲ್ಲಿ ಮಾತ್ರ. ಹಾಗಾಗಿ ಚಲಚ್ಚಿತ್ರದ ಹಾಡಿಗೆ ನಂಗಲಿಯಂತಹ ಊರಿನಿಂದಲೂ ಬಾಡಿಗೆ ಹೋಗಬಹುದು. ಮಂಗಳವಾದ್ಯ ನುಡಿಸಿದವನಿಗೆ ತನ್ನ ಊರಿನ ಮಂಟಪದಿಂದ ಒಂದು ಕಾಸೂ ಬಾರದು. ಮಂಟಪದ ಒಡೆಯನು ಮದುವೆಯವರಿಂದ ವಿದ್ಯುತ್ತಿಗೆ, ಪಾತ್ರೆಗೆ, ಕಸ ಗುಡಿಸುವುದಕ್ಕೆ ಬೇರೆ ಬೇರೆ ಲೆಕ್ಕ ಹಾಕಿ ಹಣ ತೆಗೆದುಕೊಳ್ಳುತ್ತಾನೆಂಬುದನ್ನು ಇಲ್ಲಿ ಹೇಳದಿರಲಾಗದು.

ಯಜಮಾನರು ಕೊನೆಗೆ ವಕೀಲರಿಂದ ಒಂದು ಉತ್ತರ ಬರೆಸಿದರು. ಯಾವ ಯಾವ ಹಾಡುಗಳು ನಿಮ್ಮವು, ಆ ಹಕ್ಕು ನಿಮಗೆ ಯಾರಿಂದ ಬಂದಿತು, ನಿಮ್ಮ ದರಪಟ್ಟಿಯಲ್ಲಿ ನಲವತ್ತು ಆಸನದ ಹೋಟಲಿಗೆ ಎಷ್ಟು, ಬಂದ ಹಣದಲ್ಲಿ ಹಾಡಿದವರಿಗೆ ಎಷ್ಟು ಎಂದು ಅದರಲ್ಲಿ ಕೇಳಿದ್ದಾರೆ. ಕೊನೆಯ ಪ್ರಶ್ನೆಯನ್ನು ವಕೀಲರು ಬೇಡವೆಂದರೂ ಯಜಮಾನರೇ ಹಟಮಾಡಿ ಸೇರಿಸಿದರಂತೆ. ಉತ್ತರ ಸಮರ್ಪಕವಾಗಿ ಬಂದರೆ ಹಣ ಕಟ್ಟುವುದಾಗಿಯೂ ಹೇಳುತ್ತಾರೆ.

ಈ ನಡುವೆ ವಕೀಲರ ಬಾಯಿಂದಲೇ ಇನ್ನೊಂದು ಸಂಗತಿ ತಿಳಿಯಿತು. 1847ರಲ್ಲಿ ಮುಕ್ತರಾದ ತ್ಯಾಗರಾಜರ ಕೃತಿಯನ್ನು ಒಬ್ಬ ವಿದ್ವಾಂಸನು ತಾನೇ ಎದುರಿಗೆ ಕುಳಿತು ನುಡಿಸಿದರೆ ಅದಕ್ಕೆ ಯಾವ ಸಂಘದ, ಯಾವ ಕಂಪನಿಯ ರಹದಾರಿಯೂ ಬೇಕಿಲ್ಲ; ನುಡಿಸುವವನ ಒಪ್ಪಿಗೆಯೊಂದಿದ್ದರೆ ಸಾಕು. ಯಜಮಾನರು ಮರುದಿನ ಕಾಫಿಯ ಲೋಟವನ್ನು ತಾವೇ ಒಯ್ದು ವೃದ್ಧರ ಮುಂದಿಟ್ಟು, "ಶ್ರಾವಣ ಶನಿವಾರಗಳಲ್ಲಿ ಬೆಳಗ್ಗೆ ಒಂದು ಗಂಟೆ ಹೊತ್ತು ನಮ್ಮಲ್ಲಿ ನುಡಿಸಬೇಕು, ಮಾವ. ಯಾತ್ರೆಯವರು ಬಹಳ ಜನ ಬರುತ್ತಾರೆ. ಏನು ಕೊಡಬೇಕೋ ನೀವೇ ಹೇಳಿ" ಎಂದರು.

ವೃದ್ಧರು ಕಾಫಿಯನ್ನು ಪೂರ್ತಿ ಕುಡಿದರು. ದಕ್ಷಿಣೆಯ ಮಾತನ್ನು ಎತ್ತಲೇ ಇಲ್ಲ. "ಬರುತ್ತೇನಪ್ಪ. ಆದರೆ ಯಾರೂ ಮೊಬೈಲಿನಲ್ಲಿ ಹಿಡಿದುಕೊಳ್ಳಕೂಡದು, ಅದೊಂದನ್ನು ಬರೆದು ಗೋಡೆಗೆ ಅಂಟಿಸು" ಎಂದರು. ಯಜಮಾನರ ಮಗನು ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು, ಎರಡು ಹಲಗೆ ಬರೆಸಿ ತಂದನು.