ಜಗಲಿಯ ತಕ್ಕಡಿ

ಇಬ್ಬರು ದೊಡ್ಡವರ ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ಅವರಲ್ಲಿ ಹೆಚ್ಚಿನವರು ಯಾರೆಂದು ತೂಗಿ ನೋಡುವ ಚಪಲ ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದದ್ದು. ಮಕ್ಕಳು ಭೀಮಾರ್ಜುನರನ್ನು ತೂಗುತ್ತಾರೆ. ವಿದ್ವಾಂಸರು ಪಂಪ ಕುಮಾರವ್ಯಾಸರನ್ನು ತೂಗುತ್ತಾರೆ. ಉಳಿದವರಿಗೆ ತಮ್ಮನ್ನು ಆಳಿದವರಿದ್ದಾರೆ. ಆಳುವವನ ಇದಿರಿನಲ್ಲಿ ಕೈಮುಗಿದು ನಿಂತ ಪ್ರಜೆಯು, ಅವನು ಹೋದ ಮೇಲೆ ಜಗಲಿಯಲ್ಲಿ ಕುಳಿತು ಅವನನ್ನು ತೂಗುತ್ತಾನೆ. ಈ ತಕ್ಕಡಿಗೆ ಸರ್ಕಾರದ ಮುದ್ರೆಯಿಲ್ಲ. ಆದರೂ ಇದರ ತೀರ್ಪು ಶಾಲೆಯ ಪುಸ್ತಕದ ತೀರ್ಪಿಗಿಂತ ಆಳವಾಗಿ ಮನೆಮನೆಗಳಲ್ಲಿ ಬೇರೂರುತ್ತದೆ. ಆದುದರಿಂದ ಆ ತಕ್ಕಡಿ ಹೇಗೆ ತೂಗುತ್ತದೆ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯವೇ ಸರಿ.

ಫಾಲ್ಗುಣ ಮಾಸದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ. ಐದು ತೇರುಗಳೂ ಬೀದಿಯನ್ನು ಸುತ್ತಿ ನೆಲೆಗೆ ನಿಂತ ಮೇಲೆ, ಊಟ ಮುಗಿಸಿ ನೆರಳಿಗೆ ಕುಳಿತವರ ಮಾತು ಮಳೆ ಬೆಳೆಗಳಿಂದ ಹೊರಟು, ಹೇಗೋ ಮೈಸೂರನ್ನು ಆಳಿದವರ ಕಡೆಗೆ ತಿರುಗುವುದುಂಟು. "ಕನ್ನಂಬಾಡಿ ಕಟ್ಟಿದೋರನ್ನ ಬಿಟ್ರೆ ಇನ್ಯಾರಪ್ಪ ದೊಡ್ಡೋರು?" ಎಂದು ಹಿರಿಯರೊಬ್ಬರು ಕೇಳಿದರೆ, ಅದು ಪ್ರಶ್ನೆಯಲ್ಲ, ತೀರ್ಪು. ಆದರೆ ಕನ್ನಂಬಾಡಿಯನ್ನು ಕಟ್ಟಿದವರು ಯಾರು ಎಂದು ಪಕ್ಕದವರು ಕೇಳಿದೊಡನೆ ಆ ತೀರ್ಪು ಎರಡಾಗುತ್ತದೆ. ಒಬ್ಬರು ನಾಲ್ವಡಿಯವರೆನ್ನುತ್ತಾರೆ, ಇನ್ನೊಬ್ಬರು ವಿಶ್ವೇಶ್ವರಯ್ಯನವರೆನ್ನುತ್ತಾರೆ. ಸಂಜೆಯವರೆಗೆ ಮಾತಿಗೆ ಕೊರತೆಯಿಲ್ಲ.

ಈ ಗುಣ ಕಪಿಲೆಯ ದಂಡೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕಾ ದೇಶದಲ್ಲಿ ಇದನ್ನೇ ಲೆಕ್ಕಪತ್ರ ಸಮೇತವಾಗಿ ನಡೆಸುತ್ತಾರೆ. 1948ರಲ್ಲಿ ಆರ್ಥರ್ ಶ್ಲೆಸಿಂಜರ್ ಎಂಬ ಇತಿಹಾಸದ ಪ್ರಾಧ್ಯಾಪಕರು 55 ಮಂದಿ ವಿದ್ವಾಂಸರ ಅಭಿಪ್ರಾಯವನ್ನು ಪಡೆದು ತಮ್ಮ ದೇಶದ ಅಧ್ಯಕ್ಷರನ್ನು ಸಾಲಾಗಿ ನಿಲ್ಲಿಸಿದರು. ಲಿಂಕನ್, ವಾಷಿಂಗ್ಟನ್, ಫ್ರಾಂಕ್ಲಿನ್ ರೂಸ್‌ವೆಲ್ಟ್, ವಿಲ್ಸನ್, ಜೆಫರ್ಸನ್, ಜ್ಯಾಕ್ಸನ್ ಎಂಬ ಆರು ಮಂದಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದ್ದಾಯಿತು. 2011ರಲ್ಲಿ ಗ್ಯಾಲಪ್ ಸಂಸ್ಥೆಯವರು ಅದೇ ಪ್ರಶ್ನೆಯನ್ನು ಜನಸಾಮಾನ್ಯರ ಮುಂದಿಟ್ಟಾಗ ಪಂಕ್ತಿಯೇ ಬೇರೆಯಾಯಿತು. ನೂರಕ್ಕೆ 19 ಮಂದಿ ರೇಗನ್ ಎಂದರು. ಲಿಂಕನ್ನರಿಗೆ 14, ಕ್ಲಿಂಟನ್ನರಿಗೆ 13, ಕೆನೆಡಿಯವರಿಗೆ 11, ದೇಶದ ಮೊದಲ ಅಧ್ಯಕ್ಷರಾದ ವಾಷಿಂಗ್ಟನ್ನರಿಗೆ 10. ಕಣ್ಣಾರೆ ಕಂಡವನು ಓದಿ ತಿಳಿದವನಿಗಿಂತ ದೊಡ್ಡವನಾಗಿ ತೋರುವುದು ಲೋಕಸಹಜ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಯೇ ಇದೆ. 1952ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಡಳಿತವನ್ನು ಮೆಚ್ಚಿದವರು ನೂರಕ್ಕೆ 22 ಮಂದಿಗೆ ಇಳಿದಿದ್ದರು. ಹತ್ತು ವರ್ಷಗಳ ತರುವಾಯ, 1962ರ ವಿದ್ವಾಂಸರ ಪಟ್ಟಿಯಲ್ಲಿ ಅವರಿಗೆ 9ನೆಯ ಸ್ಥಾನ. ಅಧಿಕಾರ ಬಿಟ್ಟು ಮನೆಯಲ್ಲಿದ್ದ ಮನುಷ್ಯ ಅಷ್ಟರಲ್ಲಿ ಹೊಸದೊಂದು ಘನಕಾರ್ಯವನ್ನು ಮಾಡಿದ್ದಿಲ್ಲ. ಅವರು ಇದ್ದಲ್ಲಿಯೇ ಇದ್ದರು. ನೋಡುವವರು ನಿಂತ ಜಾಗ ಬದಲಾಗಿತ್ತು.

ನಂಜನಗೂಡಿನ ಜಗಲಿಯಲ್ಲಿಯೂ ನಡೆಯುವುದು ಇದೇ. ಕನ್ನಂಬಾಡಿಯ ಕೆಲಸ 1911ರಲ್ಲಿ ಆರಂಭವಾಗಿ ಮುಗಿಯುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷಗಳಾದವು. ಅಷ್ಟು ಕಾಲವೂ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನಗಿರಿಯಲ್ಲಿದ್ದವರು ಐವರು: ಆನಂದರಾಯರು, ವಿಶ್ವೇಶ್ವರಯ್ಯನವರು, ಕಾಂತರಾಜ ಅರಸಿನವರು, ಬ್ಯಾನರ್ಜಿಯವರು, ಮಿರ್ಜಾ ಇಸ್ಮಾಯಿಲರು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಕಟ್ಟೆಯ ಯೋಜನೆಯನ್ನು ಹಿಡಿದು ನಿಲ್ಲಿಸಿ, 1912ರಿಂದ 1918ರವರೆಗೆ ದಿವಾನರಾಗಿ ಅದನ್ನು ನಡೆಸಿದರು; ಕಟ್ಟೆ ಪೂರ್ತಿಯಾದದ್ದು ಮಿರ್ಜಾರವರ ಕಾಲದಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಅಲ್ಲಿಯೇ ಅಣೆಕಟ್ಟೆಯೊಂದನ್ನು ಕಟ್ಟಲು ಟಿಪ್ಪೂ ಸುಲ್ತಾನನು ಸಂಕಲ್ಪಿಸಿದ್ದನೆಂದು ಹೇಳುವ 1794ರ ಪಾರಸೀ ಶಿಲಾಶಾಸನ ಕಟ್ಟೆಯ ಬಾಗಿಲ ಬಳಿ ನಿಂತಿದೆ. ಕಲ್ಲು ಹೊತ್ತವರ ಲೆಕ್ಕವಂತೂ ಯಾರ ಬಾಯಲ್ಲಿಯೂ ಇಲ್ಲ. ಇಷ್ಟು ಜನರ ಕೆಲಸವನ್ನು ಒಂದು ಹೆಸರಿನ ಕೆಳಗೆ ಬರೆಯದಿದ್ದರೆ ಜಗಲಿಗೆ ಸಮಾಧಾನವಿಲ್ಲ. ಮಂಡ್ಯದ ಸೀಮೆಯ ಅನೇಕ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟ ದೇವರ ಪಟಗಳ ಸಾಲಿಗೆ ಸೇರಿತು. ಅದರಲ್ಲಿ ತಪ್ಪೇನೂ ಇಲ್ಲ. ಕೃತಜ್ಞತೆಗೆ ಒಂದು ಮುಖ ಬೇಕು. ಆದರೆ ಕೃತಜ್ಞತೆಯು ಇತಿಹಾಸವಲ್ಲ.

ಟಿಪ್ಪೂವಿನ ಮಾತು ಬಂದದ್ದರಿಂದ ನಂಜನಗೂಡಿನ ಒಂದು ವಿಶೇಷವನ್ನು ಹೇಳಬೇಕು. ಪಟ್ಟಣಗಳ ಸಭೆಗಳಲ್ಲಿ ಅವನನ್ನು ಕುರಿತು ಕತ್ತಿಯಂತಹ ಮಾತುಗಳು ಹೊರಡುತ್ತವೆ. ನಂಜನಗೂಡಿನಲ್ಲಿ ಅವನು ಉಳಿದಿರುವುದು ಒಂದು ಆನೆಯ ಕಣ್ಣಿನ ಕಥೆಯಲ್ಲಿ. ಪಟ್ಟದಾನೆಗೆ ಕಣ್ಣು ಕಾಣದಾಗಿ, ನಂಜುಂಡನ ಸೇವೆಯಿಂದ ಗುಣವಾಗಿ, ಸುಲ್ತಾನನು ದೇವರನ್ನು ಹಕೀಮ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದು ಜನ ಹೇಳುತ್ತಾರೆ. ರಾಜ್ಯಗಳ ಏಳುಬೀಳಿಗಿಂತ ದೇವಾಲಯದ ಬಾಗಿಲಿಗೆ ಬಂದ ಆನೆ ಇಲ್ಲಿ ಹೆಚ್ಚು ತೂಗುತ್ತದೆ. ಹಾಗೆಯೇ, ಅದೇ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರ ಸಮೇತ ಭಕ್ತವಿಗ್ರಹವಾಗಿ ಕೈಮುಗಿದು ನಿಂತಿದ್ದಾರೆ. 1831ರಲ್ಲಿ ಇಂಗ್ಲಿಷರು ಇವರ ಕೈಯಿಂದ ರಾಜ್ಯಭಾರವನ್ನು ಕಿತ್ತುಕೊಂಡರು. ಆಡಳಿತದ ಪಟ್ಟಿಯಲ್ಲಿ ಇವರಿಗೆ ಮೇಲಿನ ಸ್ಥಾನವನ್ನು ಯಾರೂ ಕೊಡಲಾರರು. ಆದರೆ ಅಧಿಕಾರ ಕಳೆದುಕೊಂಡ ಅರಸನು ದಿನವೂ ಭಕ್ತರ ಕಣ್ಣಿಗೆ ಬೀಳುತ್ತಾನೆ. ಅಧಿಕಾರ ಕಿತ್ತುಕೊಂಡ ಗವರ್ನರ್ ಜನರಲನ ಹೆಸರನ್ನು ಪರೀಕ್ಷೆಗೆ ಓದುವ ಹುಡುಗನೂ ಮರೆಯುತ್ತಾನೆ.

ಊರ ಪಕ್ಕದಲ್ಲಿಯೇ ಇನ್ನೊಂದು ಸಾಕ್ಷಿಯಿದೆ. ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಮೊದಲು ಗಾಡಿಗಳು ಓಡಾಡಿದವು. ಆಮೇಲೆ ಅದರ ಮೇಲೆಯೇ ರೈಲುಕಂಬಿಗಳನ್ನು ಹಾಕಿದರು. ಈಗ ರೈಲಿಗೆ ಬೇರೆ ಸೇತುವೆಯಾಗಿದೆ. ಇದನ್ನು ಕಟ್ಟಿಸಿದವರ ಮನೆತನ ನಂಜನಗೂಡು ತಾಲ್ಲೂಕಿನ ಕಳಲೆಯದು. ಆ ಮನೆತನದವರೇ 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಆ ಅರಸು ಅಲ್ಲಿಯೇ ತೀರಿಕೊಂಡರು. ಮುಂದಿನ ವರ್ಷ ಸೇತುವೆ. ಜಗಲಿಯ ತಕ್ಕಡಿಗೆ ಇಂತಹವರು ಬಹಳ ತೊಡಕು. ದ್ರೋಹಿಗಳೆನ್ನೋಣವೆಂದರೆ ಕಾಲಕೆಳಗೆ ಅವರ ಸೇತುವೆ. ಪುಣ್ಯವಂತರೆನ್ನೋಣವೆಂದರೆ ಕಣ್ಣಮುಂದೆ ಕಬ್ಬಾಳದುರ್ಗ. ಆದುದರಿಂದ ಜನ ಸೇತುವೆಯನ್ನು ಇಟ್ಟುಕೊಂಡು ದಳವಾಯಿಯನ್ನು ಲೆಕ್ಕದಿಂದ ಬಿಟ್ಟರು.

ನಂಜನಗೂಡಿನಿಂದ ಕಪಿಲೆಯ ಜೊತೆಯಲ್ಲಿಯೇ ಕೆಳಕ್ಕೆ ನಡೆದರೆ ತಿರುಮಕೂಡಲು ನರಸೀಪುರ. ಅಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ಈ ಸೀಮೆಯಲ್ಲಿ ತಕ್ಕಡಿ ಇನ್ನೊಂದು ಬಗೆಯಾಗಿ ವಾಲುತ್ತದೆ. ಸೋಮನಾಥಪುರವು ಹೊಯ್ಸಳರ ದಂಡನಾಯಕನಾದ ಸೋಮನಾಥನ ಹೆಸರನ್ನು ಹೊತ್ತಿದೆ. ಅವನ ಒಡೆಯನಾದ ಮುಮ್ಮಡಿ ನರಸಿಂಹನನ್ನು ನೆನೆಯುವವರು ವಿರಳ. ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಹಳೆಯ ಅಣೆಗೆ ಮಾಧವಮಂತ್ರಿಯ ಹೆಸರು. ನಾಲೆಯ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳುವ ಒಕ್ಕಲಿಗನು ದಿನವೂ ಆ ಹೆಸರನ್ನು ಎತ್ತುತ್ತಾನೆ. ಆದರೆ ಆ ಮಂತ್ರಿ ಯಾರ ಮಂತ್ರಿ, ಯಾವ ಕಾಲದವನು ಎಂದು ಕೇಳಿದರೆ ಗದ್ದೆಯಲ್ಲಿ ಉತ್ತರವಿಲ್ಲ. ಇದು ಒಂದು ಬಗೆಯ ಪರಮಪದವೇ ಸರಿ: ಮೊದಲನೆಯವನೂ ಅಲ್ಲ, ಹತ್ತನೆಯವನೂ ಅಲ್ಲ, ನೀರಿನ ಹೆಸರೇ ಆಗಿಹೋದವನು.

ಇಲ್ಲಿಯವರೆಗೆ ಹೇಳಿದ್ದರಿಂದ ಜಗಲಿಯದು ಒಂದೇ ತಕ್ಕಡಿಯೆಂದು ತೋರಬಹುದು. ಹಾಗಲ್ಲ; ಬೀದಿಗೊಂದು ತಕ್ಕಡಿ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಜಾತಿಗಳಿಗೆ ತಕ್ಕ ಪಾಲು ಸಿಗಬೇಕೆಂಬ ಪ್ರಶ್ನೆಯನ್ನು ವಿಚಾರಿಸಲು ನಾಲ್ವಡಿಯವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಿರಬೇಕೆಂಬುದು ವಿಶ್ವೇಶ್ವರಯ್ಯನವರ ನಿಲುವು. ಅದೇ ವರ್ಷ ಅವರು ದಿವಾನಗಿರಿಯನ್ನು ಬಿಟ್ಟರು. ಆಗ ಬಿದ್ದ ಗೆರೆ ನೂರು ವರ್ಷಗಳಾದರೂ ಅಳಿಸಿಲ್ಲ. ಅಗ್ರಹಾರದ ಜಗಲಿಯಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರಕ್ಕಿಂತ ತತ್ತ್ವವನ್ನು ದೊಡ್ಡದೆಂದು ತಿಳಿದ ಮಹಾಪುರುಷರು. ನಾಲ್ಕು ಬೀದಿ ಆಚೆಗೆ, ಮಗನನ್ನು ಓದಿಸಿ ಮೊದಲ ಬಾರಿಗೆ ಕಚೇರಿಯ ಕುರ್ಚಿಯಲ್ಲಿ ಕೂರಿಸಿದ ಮನೆಯಲ್ಲಿ, ನಾಲ್ವಡಿಯವರೇ ಮೊದಲು, ದಿವಾನರು ಆಮೇಲೆ. ಇನ್ನೂ ಆಚೆಗೆ, ಪರರ ಹೊಲವನ್ನು ತಲೆಮಾರುಗಳಿಂದ ಗೇಣಿಗೆ ಉಳುತ್ತಿದ್ದವರ ಮನೆಯಲ್ಲಿ ಪಟವೇ ಬೇರೆ. ಅಲ್ಲಿರುವುದು ಹುಣಸೂರು ಸೀಮೆಯ ದೇವರಾಜ ಅರಸು. 1974ರ ಭೂಸುಧಾರಣೆಯ ಕಾನೂನಿನಿಂದ ಹೊಲದ ಪಹಣಿಯಲ್ಲಿ ತನ್ನ ಹೆಸರನ್ನು ಕಂಡವನಿಗೆ ಅರಸುವಿಗಿಂತ ದೊಡ್ಡ ಅರಸಿಲ್ಲ. ಅದೇ ಕಾನೂನಿನಿಂದ ಹೊಲ ಕಳೆದುಕೊಂಡ ವಿಧವೆಯ ಮನೆಯಲ್ಲಿ ಆ ಹೆಸರಿಗೆ ಬೇರೆ ಧ್ವನಿಯಿದೆ. ಇವರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೈಗೆ ಬಂದದ್ದನ್ನು, ಇಲ್ಲವೆ ಕೈಯಿಂದ ಹೋದದ್ದನ್ನು ಪ್ರಾಮಾಣಿಕವಾಗಿ ತೂಗುತ್ತಿದ್ದಾರೆ.

ಹಾಗಾದರೆ ಜನರ ತೀರ್ಪಿನಲ್ಲಿ ಕೊರತೆಯೆಲ್ಲಿ? ತೂಗಿದ್ದರಲ್ಲಿ ಅಷ್ಟಾಗಿ ಇಲ್ಲ. ತಟ್ಟೆಯ ಮೇಲೆ ಇಡಲು ಮರೆತದ್ದರಲ್ಲಿದೆ. 1881ರ ಅಕ್ಟೋಬರ್ ತಿಂಗಳಲ್ಲಿ ದಿವಾನ್ ರಂಗಾಚಾರ್ಲುರವರು 144 ಮಂದಿ ಪ್ರತಿನಿಧಿಗಳನ್ನು ಮೈಸೂರಿಗೆ ಕರೆಯಿಸಿ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿದರು. ಸೀಮೆಯವರು ಅರಸನ ಸರ್ಕಾರದೊಡನೆ ಕುಳಿತು ಮಾತನಾಡುವುದಕ್ಕೆ ಅದು ಮೊದಲ ಮೆಟ್ಟಿಲು. ಮಾತಿಗೆ ಕಲ್ಲಿನಂತೆ ಆಕಾರವಿಲ್ಲವಾದುದರಿಂದ ರಂಗಾಚಾರ್ಲುರವರು ಜಗಲಿಯ ಸಾಲಿನಲ್ಲಿ ಬಹಳ ಹಿಂದೆ ನಿಂತಿದ್ದಾರೆ. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ದೇವಾಲಯವೂ ಅವುಗಳಲ್ಲೊಂದು. ಎಷ್ಟು ಹೆಣ್ಣುಮಕ್ಕಳ ಬಾಳು ಆ ಒಂದು ಆಜ್ಞೆಯಿಂದ ತಿರುಗಿತೋ, ಜೀವನೋಪಾಯ ತಪ್ಪಿ ಎಷ್ಟು ಮಂದಿ ಕಂಗಾಲಾದರೋ, ತೇರಿನ ನೆರಳಿನಲ್ಲಿ ಕುಳಿತವರ ಮಾತಿನಲ್ಲಿ ಎರಡೂ ಇಲ್ಲ. ಕಬಿನಿಯ ಅಣೆಕಟ್ಟು ಪೂರ್ತಿಯಾದದ್ದು 1974ರಲ್ಲಿ. ನಂಜನಗೂಡು, ನರಸೀಪುರಗಳ ಗದ್ದೆಗಳಿಗೆ ಅದರ ನೀರು ಹರಿಯುತ್ತದೆ. ಅದನ್ನು ಕಟ್ಟಿದ ಮಹಾಪುರುಷ ಯಾರೆಂದು ಕೇಳಿದರೆ ಮೌನ. ಮಂತ್ರಿಮಂಡಲಗಳು ಬಂದವು, ಹೋದವು. ಒಂದು ಮುಖ ನಿಲ್ಲಲಿಲ್ಲ. ಅದೇ ನೀರಿಗೆ ಊರು, ಹೊಲ, ಗುಡಿಗಳನ್ನು ಬಿಟ್ಟುಕೊಟ್ಟು ಮೇಲಿನ ಹೆಗ್ಗಡದೇವನಕೋಟೆಯ ಸೀಮೆಯಿಂದ ಎದ್ದು ಹೋದವರು ಈ ಜಗಲಿಗೆ ಬರುವವರಲ್ಲ. ಬಂದಿದ್ದರೆ ಮಾತಿನ ಸರಣಿಯೇ ಬೇರೆಯಾಗುತ್ತಿತ್ತು.

ಇದನ್ನು ಕಂಡು, ಜನರಿಗೆ ಬುದ್ಧಿ ಸಾಲದು, ತೂಗುವ ಕೆಲಸವನ್ನು ವಿದ್ವಾಂಸರಿಗೆ ಬಿಟ್ಟುಬಿಡಬೇಕು ಎನ್ನುವವರಿದ್ದಾರೆ. ಟ್ರೂಮನ್ನರ ಹೆಸರು ನೆನಪಿರುವವರು ಹಾಗೆನ್ನುವುದು ಸಹಜ. ಆದರೆ 1948ರಲ್ಲಿ 55 ಮಂದಿ ಪಂಡಿತರು ಮೊದಲ ಪಂಕ್ತಿಯಲ್ಲಿ ಕೂರಿಸಿದ ಜ್ಯಾಕ್ಸನ್ನರು ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸುವ ಕಾನೂನಿಗೆ 1830ರಲ್ಲಿ ಸಹಿ ಹಾಕಿದವರು. ಇತ್ತೀಚಿನ ಪಂಡಿತರ ಪಟ್ಟಿಗಳಲ್ಲಿ ಅವರು ಬಹಳ ಕೆಳಕ್ಕೆ ಇಳಿದಿದ್ದಾರೆ. ಪಂಡಿತರಿಗೂ ಒಂದು ಜಗಲಿಯಿದೆ; ಅಲ್ಲಿಗೂ ಎಲ್ಲರೂ ಬಂದು ಕುಳಿತಿರುವುದಿಲ್ಲ.

ಆದುದರಿಂದ ತೂಗುವುದನ್ನು ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಿದರೆ ನಿಲ್ಲುವ ಚಪಲವೂ ಅದಲ್ಲ. ಆಳಿದವರನ್ನು ತೂಗುವ ಧೈರ್ಯ ಪ್ರಜೆಗೆ ಇರುವುದೇ ಒಂದು ಭಾಗ್ಯ. ಮನೆಯ ಹಿರಿಯರು ಹೇಳಿದ ಮೊದಲ ಹೆಸರನ್ನೇ ಮಕ್ಕಳು ಆಯುಷ್ಯವಿಡೀ ಹೇಳುತ್ತಾರಾದುದರಿಂದ, ಆ ಹೆಸರಿನೊಡನೆ ಒಂದು ಕಾರಣವನ್ನೂ ಸೇರಿಸಿ ಹೇಳುವುದು ಹಿರಿಯರ ಕರ್ತವ್ಯ: ಈ ಮನೆಗೆ ಇವರಿಂದ ಇಂಥದು ಬಂತು, ಆದುದರಿಂದ ಇವರು ಈ ಮನೆಗೆ ದೊಡ್ಡವರು, ಇನ್ನೊಂದು ಮನೆಗೆ ಏನು ಬಂತು, ಏನು ಹೋಯಿತು ಎಂಬುದನ್ನು ಅಲ್ಲಿಯೇ ಹೋಗಿ ಕೇಳಬೇಕು. ಜಾತ್ರೆಯ ಅಂಗಡಿಯವನು ಸರಕನ್ನು ಇಡುವ ಮೊದಲು ಬರಿಯ ತಕ್ಕಡಿಯನ್ನು ಎತ್ತಿ ಹಿಡಿದು, ಯಾವ ಕಡೆಗೆ ವಾಲುತ್ತದೆಂದು ಒಂದು ಗಳಿಗೆ ನೋಡುತ್ತಾನೆ. ಬೆಲ್ಲಕ್ಕೆ ಸಲ್ಲುವ ಅಷ್ಟು ಎಚ್ಚರ ಅರಸರಿಗೂ ದಿವಾನರಿಗೂ ಸಂದರೆ ಸಾಕು.