ಬುತ್ತಿ ಕಟ್ಟಿಕೊಂಡು ಮಸ್ಕಿ, ಮುದಗಲ್ಲಿಗೆ ಒಂದು ದಿನ

ಪ್ರವಾಸ ಎಂದೊಡನೆ ನಮ್ಮ ಕಡೆಯ ಮನೆಗಳಲ್ಲಿ ಹಂಪಿ, ಬಾದಾಮಿ, ಶ್ರೀಶೈಲ, ತಿರುಪತಿಗಳ ಹೆಸರು ಬರುತ್ತವೆ. ಅದಕ್ಕೆ ಕ್ರೂಸರ್ ಗೊತ್ತು ಮಾಡಬೇಕು, ನಾಲ್ಕು ಮನೆಯವರು ಒಪ್ಪಬೇಕು, ಹೊಲದ ಕೆಲಸ ಮುಗಿಯಬೇಕು, ಮಕ್ಕಳ ಪರೀಕ್ಷೆ ಮುಗಿಯಬೇಕು. ಇಷ್ಟೆಲ್ಲ ಕೂಡಿ ಬರುವ ಹೊತ್ತಿಗೆ ವರ್ಷ ಉರುಳಿರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಜಾಗಗಳ ನೆನಪು ಮಾತ್ರ ಯಾರಿಗೂ ಆಗುವುದಿಲ್ಲ.

ನನ್ನದೂ ಅದೇ ಕಥೆ. ಮದುವೆಯಾಗಿ ಸಿಂಧನೂರಿಗೆ ಬಂದು ಹದಿನೆಂಟು ವರ್ಷಗಳಾದವು. ತವರು ಲಿಂಗಸುಗೂರಿನ ಆಚೆ. ಹಬ್ಬಕ್ಕೆ, ಹೆರಿಗೆಗೆ, ಮದುವೆ ಮುಂಜಿಗೆ ಹೋಗಿ ಬರುವಾಗಲೆಲ್ಲ ಬಸ್ಸಿನ ಕಿಟಕಿಯಲ್ಲಿ ಮಸ್ಕಿಯ ಗುಡ್ಡ ಕಾಣುತ್ತಿತ್ತು. ಗುಡ್ಡದ ಮೇಲಿನ ಮಲ್ಲಯ್ಯನಿಗೆ ಕುಳಿತಲ್ಲಿಂದಲೇ ಕೈ ಮುಗಿಯುತ್ತಿದ್ದೆ. ಒಂದು ದಿನವೂ ಇಳಿದವಳಲ್ಲ!

ಕಳೆದ ಚಳಿಗಾಲದಲ್ಲಿ ಮಗಳು ಪಾಠದ ಪುಸ್ತಕ ಹಿಡಿದು ಅಡಿಗೆಮನೆಗೇ ಓಡಿ ಬಂದಳು. “ಅವ್ವಾ, ಇದರಾಗ ನಮ್ಮ ಮಸ್ಕಿ ಐತಿ! ಅಶೋಕ ಚಕ್ರವರ್ತಿ ಬರೆಸಿದ್ದಂತ. ನೀ ನೋಡಿಯೇನು?” ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ, ಹೇಳುವುದಕ್ಕೆ ಉತ್ತರವೂ ಇರಲಿಲ್ಲ. ಆವತ್ತೇ ನಿಶ್ಚಯ ಮಾಡಿದೆ, ಬರುವ ರವಿವಾರ ಹೋಗಿಯೇ ತೀರಬೇಕು.

“ಅಲ್ಲೇನೈತಿ? ಬರೇ ಕಲ್ಲು,” ಎಂದರು ನಮ್ಮ ಮನೆಯವರು. ಪಕ್ಕದ ಮನೆಯ ಅಕ್ಕಾರು ಮಾತ್ರ ಕೂಡಲೇ ಒಪ್ಪಿದರು. ಎಣಿಸದೆ ಹೊರಟವರು ನಮ್ಮತ್ತೆ. ಎಪ್ಪತ್ತರ ಹತ್ತಿರದ ವಯಸ್ಸು, ಎರಡೂ ಮೊಣಕಾಲು ನೋವು. “ನಾನೂ ಬರತೀನವ್ವ. ಮಲ್ಲಯ್ಯಗ ಒಂದು ಕಾಯಿ ಬಾಕಿ ಐತಿ,” ಎಂದರು. ನಮ್ಮ ಮನೆಯವರು ಕೂಸಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವಂತಾಗಿತ್ತಂತೆ. ಆಗ ಹೊತ್ತ ಹರಕೆ. ನಲವತ್ತು ವರ್ಷ ಕಳೆದರೂ ಕರೆದುಕೊಂಡು ಹೋಗುವವರು ಸಿಗಲಿಲ್ಲ, ಅವರೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಹಿಂದಿನ ರಾತ್ರಿಯ ತಯಾರಿ

ನಾನು ಹಾಕಿದ ಮೊದಲ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು: ಮಸ್ಕಿ, ಹಟ್ಟಿ, ಮುದಗಲ್ಲು, ಜಲದುರ್ಗ. ಅಕ್ಕಾರು ನೋಡಿ ನಕ್ಕರು. “ಇದು ಪ್ರವಾಸ ಅಲ್ಲ, ಓಟದ ಪಂದ್ಯ!” ಹಟ್ಟಿಯನ್ನು ಅಲ್ಲೇ ಹೊಡೆದು ಹಾಕಿದೆವು. ಚಿನ್ನದ ಗಣಿಯೊಳಗೆ ಪರವಾನಗಿ ಇಲ್ಲದೆ ಬಿಡುವುದಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ದೊಡ್ಡದಾಗಿ ಚಿನ್ನ ತೆಗೆಯುವ ಗಣಿ ಎಂದರೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯೇ ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳಿಡಿ.

ಬುತ್ತಿಯ ಮಾತು. ಸಜ್ಜೆಯ ಕಟಕ್ ರೊಟ್ಟಿಯನ್ನು ಎರಡು ದಿನ ಮೊದಲೇ ಎಳ್ಳು ಹಚ್ಚಿ ಮಾಡಿಟ್ಟೆ. ಎಣಗಾಯಿ ಪಲ್ಯಕ್ಕೆ ನೀರು ಹಾಕದೆ, ಶೇಂಗಾಪುಡಿ ಮುಂದು ಮಾಡಿ, ಎಣ್ಣೆಯಲ್ಲೇ ಬೇಯಿಸಿದೆ. ಹೀಗೆ ಮಾಡಿದರೆ ಡಬ್ಬಿಯಲ್ಲಿ ಸೋರುವುದಿಲ್ಲ, ಮಧ್ಯಾಹ್ನದವರೆಗೆ ಕೆಡುವುದೂ ಇಲ್ಲ. ಮೊಸರನ್ನ ಕಟ್ಟುವವರು ಬಿಸಿ ಅನ್ನವನ್ನು ಮಿದ್ದು, ಕಾಯಿಸಿದ ಹಾಲು ಹೆಚ್ಚು ಹಾಕಿ, ಆರಿದ ಮೇಲೆ ಎರಡೇ ಚಮಚ ಮೊಸರು ಕಲಸಿರಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ, ಹುಳಿ ಬಂದಿರುವುದಿಲ್ಲ. ಗುರೆಳ್ಳು ಪುಡಿ, ಉಳ್ಳಾಗಡ್ಡಿ, ಒಂದು ಡಬ್ಬಿ ಮಾದಲಿ ಇದ್ದರೆ ಮತ್ತೇನು ಬೇಕು? ನೀರು ಮಾತ್ರ ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ಇರಲಿ. ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಹೊಸದಲ್ಲ.

ಮಲ್ಲಯ್ಯನ ಗುಡ್ಡ

ಬೆಳಿಗ್ಗೆ ಆರರ ಬಸ್ಸು ಹಿಡಿದೆವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳನ್ನು ಹಿಂದೆ ಹಾಕಿ ಹೋದಂತೆ ಬಯಲು ಒಣಗುತ್ತ, ಬಂಡೆಗಳು ಏಳುತ್ತ ಬರುತ್ತವೆ. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ಒಂದು ತಾಲ್ಲೂಕು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿದು, ತಂಪು ಹೊತ್ತಿನಲ್ಲೇ ಗುಡ್ಡಕ್ಕೆ ಹೊರಟೆವು.

ನೂರಾರು ಮೆಟ್ಟಿಲು. ಅತ್ತೆಯವರನ್ನು ಕೆಳಗೆ ಕೂಡಿಸಿ ಕಾಯಿಯನ್ನು ಮಗಳ ಕೈಯಲ್ಲಿ ಕಳಿಸೋಣ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. “ಹರಕಿ ಹೊತ್ತಾಕಿ ನಾನು. ಹತ್ತಾಕಿ ನಾನು,” ಎಂದು ಮೊದಲ ಮೆಟ್ಟಿಲಿಗೆ ಕುಂಕುಮ ಹಚ್ಚಿದರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತರು. ಮಗಳು ಎಣಿಸುತ್ತ ಮುಂದೆ, ಅಕ್ಕಾರು ಕೈ ಹಿಡಿದು ಪಕ್ಕಕ್ಕೆ, ನಾನು ಬುತ್ತಿ ಹೊತ್ತು ಹಿಂದೆ. ಗಂಟೆಗಿಂತ ಹೆಚ್ಚೇ ಹಿಡಿಯಿತು. ಅರ್ಧ ದಾರಿಯಲ್ಲಿ ಜಲದುರ್ಗದ ಆಸೆಯನ್ನು ನಾನು ಬಿಟ್ಟೆ.

ಕಾಯಿ ಒಡೆಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದ ಅತ್ತೆ ಬಂಡೆಯ ಮೇಲೆ ಕುಳಿತು ಸುತ್ತಲೂ ನೋಡಿದರು. ಕೆಳಗೆ ಊರು, ಕೆರೆಕಟ್ಟೆ, ಜೋಳದ ಹೊಲ, ದಾರದ ಎಳೆಯಂತೆ ರಸ್ತೆ. “ಭೂಮಿ ಇಷ್ಟು ದೊಡ್ಡದು ಐತೇನವ್ವಾ!” ಎಂದರು. ಅಷ್ಟು ವರ್ಷ ಅದೇ ಭೂಮಿಯಲ್ಲಿ ಬಾಗಿ ಕಳೆ ತೆಗೆದ ಹೆಂಗಸು, ಅದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

ಚಿನ್ನ ಹುಡುಕಿದವನಿಗೆ ಸಿಕ್ಕ ಅಕ್ಷರ

ಇಳಿದು ಬಂದು ಶಾಸನದ ದಾರಿ ಕೇಳಿದೆವು. ‘ಅಶೋಕನ ಶಾಸನ’ ಎಂದರೆ ಸಾಕು, ಸಣ್ಣ ಹುಡುಗರೂ ತೋರಿಸುತ್ತಾರೆ. ಗುಡ್ಡದ ಪಕ್ಕದಲ್ಲಿ ಗವಿಯಂತೆ ನೆರಳು ಮಾಡಿಕೊಂಡ ಬಂಡೆಯಲ್ಲಿ ಕೆಲವೇ ಸಾಲುಗಳು, ಅಲ್ಲಲ್ಲಿ ಅಳಿಸಿ ಹೋಗಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನದು. ದೊಡ್ಡ ಕಟ್ಟಡ, ಕೆತ್ತನೆ ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗಬಹುದು. ಅದರ ಕಥೆ ತಿಳಿದು ಹೋದರೆ ಮಾತ್ರ ಕಾಲು ಅಲ್ಲಿಂದ ಕೀಳುವುದಿಲ್ಲ.

ಇದನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರ್. ಆಗ ಇದು ಹೈದರಾಬಾದ್ ನಿಜಾಮನ ಸೀಮೆ. ಚಿನ್ನದ ಕೆಲಸದವನಿಗೆ ಸಿಕ್ಕಿದ್ದು ಅಕ್ಷರ! ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೇಶದ ಉದ್ದಗಲಕ್ಕೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಪಂಡಿತರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಇಂಥ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು.

ಏನು ಬರೆಸಿದ್ದಾನೆ ಆ ಚಕ್ರವರ್ತಿ? ಮಗಳು ನೋಟುಪುಸ್ತಕದಲ್ಲಿ ಅರ್ಥ ಬರೆದುಕೊಂಡು ತಂದಿದ್ದಳು. ತಾನು ಬುದ್ಧನನ್ನು ನಂಬಿ ಎರಡೂವರೆ ವರ್ಷವಾಯಿತು ಎಂದು ಶುರುಮಾಡುತ್ತಾನೆ. ಸಂಘದ ಹತ್ತಿರ ಹೋಗಿ ಶ್ರದ್ಧೆಯಿಂದ ನಡೆದುಕೊಂಡದ್ದನ್ನು ಹೇಳುತ್ತಾನೆ. ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಆ ಫಲ ಸಿಕ್ಕುತ್ತದೆ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಿ ಎಂಬುದು ಅದರ ಸಾರ.

ಅತ್ತೆ ಕೇಳುತ್ತ ನಿಂತಿದ್ದರು. ಅವರು ಹೆಬ್ಬೆಟ್ಟು ಒತ್ತುವವರು. “ಅಂದ್ರ ನಮ್ಮಂಥೋರಿಗೂ ಹೇಳ್ಯಾನೇನ ಆ ರಾಜ?”

“ಹೂಂ ಅಜ್ಜಿ, ನಿನಗೂ ಹೇಳ್ಯಾನ.”

“ಮತ್ತ ಇಷ್ಟು ದಿನ ಯಾರೂ ಓದಿ ಹೇಳಲಿಲ್ಲಲ್ಲ!” ಎಂದರು ಅತ್ತೆ. ನನಗೆ ತಟ್ಟನೆ ನಾಚಿಕೆಯಾಯಿತು. ನಾನು ಓದಿದವಳು, ಹದಿನೆಂಟು ವರ್ಷ ಇದೇ ಊರಿನ ಮೇಲಿಂದ ಹಾದು ಹೋದವಳು.

ಮಸ್ಕಿಯ ನೆಲ ಇನ್ನೂ ಹಳೆಯದು. 1954ರಲ್ಲಿ ಬಿ.ಕೆ. ಥಾಪರ್ ಅವರು ಇಲ್ಲಿ ಅಗೆಸಿದಾಗ ಹೊಸ ಶಿಲಾಯುಗದ ಜನ ಬಾಳಿದ ಗುರುತುಗಳು ದೊರೆತವು. ಅಶೋಕ ಶಾಸನ ಬರೆಸುವ ಹೊತ್ತಿಗೇ ಈ ಊರಿನಲ್ಲಿ ಸಾವಿರಾರು ವರ್ಷದ ಒಲೆಗಳು ಉರಿದಿದ್ದವು ಎಂದಾಯಿತು.

ಮುದಗಲ್ಲಿನ ಕೋಟೆ

ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ಮಧ್ಯಾಹ್ನದ ಬಸ್ಸಿಗೆ ಲಿಂಗಸುಗೂರಿಗೆ ಬಂದೆವು. 1905ರವರೆಗೆ ಇದೇ ಒಂದು ಜಿಲ್ಲೆಯ ಕೇಂದ್ರ, ಸೈನ್ಯದ ಛಾವಣಿ ಇದ್ದ ಊರು. ಇಲ್ಲಿ ಬಸ್ಸು ಬದಲಿಸಿ 16 ಕಿಲೋಮೀಟರು ಹೋದರೆ ಮುದಗಲ್ಲು. ಹೆಂಗಸರಿಗೆ ಒಂದು ಮಾತು: ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲೇ ಕೈಕಾಲು ಮುಖ ತೊಳೆಯುವುದು ಇತ್ಯಾದಿ ಮುಗಿಸಿಕೊಳ್ಳಿರಿ. ಗುಡ್ಡದಲ್ಲಿ, ಕೋಟೆಯಲ್ಲಿ ಆ ಅನುಕೂಲ ನಂಬಿಕೊಂಡು ಹೋಗಬೇಡಿರಿ.

ಮುದಗಲ್ಲಿನ ಕೋಟೆಗೆ ಅಗಲವಾದ ಕಂದಕ, ಅದರಾಚೆ ದಪ್ಪ ಗೋಡೆ, ಒಳಗೆ ಗುಡ್ಡದ ಮೇಲೆ ಇನ್ನೊಂದು ಕೋಟೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ಫಲವತ್ತಾದ ನಾಡಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಪದೇ ಪದೇ ಕಾದಾಡಿದರು. ಇಂದು ಅದೇ ಊರಿನ ಮೊಹರಮ್ ಹಬ್ಬಕ್ಕೆ ಹಿಂದೂ, ಮುಸಲ್ಮಾನರೆನ್ನದೆ ಸುತ್ತಲಿನ ಜನ ಸೇರುತ್ತಾರೆ.

ಕೋಟೆಗಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಅಕ್ಕಸಾಲಿಗನ ಮಗಳ ಕಥೆ. ಬಿಜಾಪುರದಲ್ಲಿದ್ದ ಚರಿತ್ರೆಕಾರ ಫೆರಿಸ್ತಾ ಬರೆದಿಟ್ಟದ್ದು. ಮುದಗಲ್ಲಿನ ಆ ಹುಡುಗಿಯ ರೂಪ, ಸಂಗೀತಗಳ ಸುದ್ದಿ ವಿಜಯನಗರದ ರಾಯನಿಗೆ ಮುಟ್ಟಿತಂತೆ. ಒಡವೆ, ಉಡುಗೊರೆ ಬಂದವು, ತಂದೆ ತಾಯಿ ಹಿಗ್ಗಿದರು. ಹುಡುಗಿ ಒಲ್ಲೆನೆಂದಳು. ಅರಮನೆ ಸೇರಿದವಳು ಮತ್ತೆ ತವರವರ ಮುಖ ನೋಡುವ ಹಾಗಿಲ್ಲವಲ್ಲ ಎಂಬುದೇ ಅವಳ ಕಾರಣ. ರಾಯ ಸೈನ್ಯ ಕಳಿಸಿದ, ಊರ ಜನ ಹೆದರಿ ಓಡಿತು, ಅವಳ ಮನೆಯವರೂ ಓಡಿದರು. ಅದರಿಂದಲೇ 1406ರಲ್ಲಿ ಫಿರೋಜ್ ಷಾ ಬಹಮನಿಗೂ ವಿಜಯನಗರಕ್ಕೂ ಯುದ್ಧವಾಯಿತು ಎನ್ನುತ್ತಾನೆ ಫೆರಿಸ್ತಾ. ಕೊನೆಗೆ ಸುಲ್ತಾನ ಆಕೆಯನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿದನಂತೆ. ಫೆರಿಸ್ತಾ ಬರೆದದ್ದು ಇನ್ನೂರು ವರ್ಷಗಳ ನಂತರ. ಯುದ್ಧ ನಿಜ, ಕಥೆಯನ್ನು ಪಂಡಿತರು ಪೂರ್ತಿ ನಂಬುವುದಿಲ್ಲ.

“ತವರು ಬಿಟ್ಟು ಬರಾಂಗಿಲ್ಲ ಅಂತ ಅಂದಾಕಿ ಒಬ್ಬಾಕಿ ಇದ್ದಳಲ್ಲ!” ಎಂದು ಅಕ್ಕಾರು ಕಂದಕದ ಕಡೆ ನೋಡಿದರು. ಅತ್ತೆಯವರದು ಬೇರೆ ಪ್ರಶ್ನೆ. “ಕಡೀಗೆ ಮದುವಿ ಮಾಡುವಾಗರೆ ಆಕಿನ್ನ ಒಂದು ಮಾತು ಕೇಳಿದರೇನು?” ಅದನ್ನು ಫೆರಿಸ್ತಾನೂ ಬರೆದಿಲ್ಲ.

ನೀವು ಹೊರಡುವುದಾದರೆ

ಕಾರ್ತಿಕದಿಂದ ಮಾಘದೊಳಗೆ ಹೋಗಿರಿ. ಬೇಸಿಗೆಯಲ್ಲಿ ಕಲ್ಲು ಕಾದು ಹೆಂಚಾಗಿರುತ್ತದೆ. 2023ರ ಜೂನ್‌ನಿಂದ ನಮ್ಮ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ಮರೆಯಬೇಡಿರಿ. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿರಿ. ಮೊಣಕಾಲು ನೋವಿನವರಿದ್ದರೆ ಮೊದಲು ಗುಡ್ಡ, ಆಮೇಲೆ ಉಳಿದದ್ದು. ತಿರುಗಿ ಬರುವ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿರಿ. ಕೃಷ್ಣೆಯ ನಡುವಿನ ಜಲದುರ್ಗಕ್ಕೆ ಇನ್ನೊಂದು ದಿನ ಇರಲಿ. ಎಲ್ಲಕ್ಕಿಂತ ಮುಖ್ಯ, ಹೋಗುವ ಮೊದಲು ಆ ಜಾಗದ ಬಗ್ಗೆ ಮಕ್ಕಳಿಂದ ಎರಡು ಪುಟ ಬರೆಸಿ ಜತೆಗೆ ಒಯ್ಯಿರಿ. ಓದು ಬಾರದ ಹಿರಿಯರಿದ್ದರೆ ಅಲ್ಲೇ ನಿಂತು ಅವರಿಗೆ ಓದಿ ಹೇಳಿಸಿರಿ.

ರಾತ್ರಿ ಮನೆ ಮುಟ್ಟಿದಾಗ ನಮ್ಮ ಮನೆಯವರು ಬಾಗಿಲಲ್ಲೇ ಇದ್ದರು. “ಏನವ್ವ, ಬರೇ ಕಲ್ಲು ನೋಡಿ ಬಂದಿರೇನು?”

ಅತ್ತೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಸೆರಗಿನ ಗಂಟು ಬಿಚ್ಚಿ ಕಾಯಿಯ ಹೋಳನ್ನು ಮಗನ ಕೈಗಿಟ್ಟರು. “ತಿನ್ನು. ನಿನ್ನ ಸಾಲ ತೀರಿಸಿ ಬಂದೀನಿ. ಕಲ್ಲಿನ್ಯಾಗ ಏನು ಬರದೈತಿ ಅಂತ ನಾಳೆ ಕೂತು ಹೇಳತೀನಿ.”